ಕೋಟಾ ಯಾರ ಹೆಸರಲ್ಲಿ?

ವೀಕ್ಷಕರೇ, ಪಿರಿಯಾಪಟ್ಟಣ ಕಡೆಯಿಂದ ಒಬ್ಬ ಹೊಗೆಸೊಪ್ಪು ಬೆಳೆಗಾರರು ಫೋನ್ ಮಾಡಿದ್ರು. ಮಗಳು ಹೈಸ್ಕೂಲು. ಟಿವಿಯಲ್ಲಿ ಶೂಟಿಂಗ್ ನೋಡಿ ಆಸೆಪಟ್ಟಿದ್ದಾಳೆ. "ಹರಾಜಿನ ದುಡ್ಡು ಬಂದಿದೆ ಸಾರ್, ರೈಫಲ್ ಕೊಡಿಸ್ಲಾ? ಕೋಟಾ ಅಂತಾರಲ್ಲ, ಅದು ಸಿಕ್ಕಿಬಿಟ್ರೆ ಒಲಿಂಪಿಕ್ಸ್ ಗ್ಯಾರಂಟಿ ಅಲ್ವಾ?"

ಉತ್ತರ ಕೊಡೋಕೆ ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು.

2023ರ ಅಕ್ಟೋಬರ್. ಕೊರಿಯಾದ ಚಾಂಗ್ವಾನ್‌ನಲ್ಲಿ ಏಷ್ಯನ್ ಚಾಂಪಿಯನ್‌ಶಿಪ್. ಮಹಿಳೆಯರ 10 ಮೀಟರ್ ಏರ್ ರೈಫಲ್‌ನಲ್ಲಿ ತಿಲೋತ್ತಮಾ ಸೇನ್‌ಗೆ ಬೆಳ್ಳಿ. ಹೆಸರು ಬಂಗಾಳಿ ಅಂತೀರಾ? ಬೆಳೆದದ್ದು ಬೆಂಗಳೂರಲ್ಲಿ, ಸ್ಪರ್ಧಿಸೋದು ಕರ್ನಾಟಕದ ಪರ. ಲಾಕ್‌ಡೌನ್ ಕಾಲದಲ್ಲಿ ರೈಫಲ್ ಹಿಡಿದ ಹುಡುಗಿ. ಅದೇ ವರ್ಷ ಕೈರೋ ವಿಶ್ವಕಪ್‌ನಲ್ಲಿ ಕಂಚು ಗೆದ್ದಾಗ ವಯಸ್ಸು 14, ಚಾಂಗ್ವಾನ್‌ನಲ್ಲಿ 15. ಬೆಳ್ಳಿ ಜೊತೆಗೆ ಪ್ಯಾರಿಸ್ ಕೋಟಾ. ನಾನು ಇದೇ ಸ್ಟುಡಿಯೋದಲ್ಲಿ ಕೂತು ಗಂಟಲು ಹರಿಯೋ ಹಾಗೆ ಹೇಳಿದೆ: "ಪ್ಯಾರಿಸ್‌ಗೆ ಬೆಂಗಳೂರು ಬಾಲೆ!"

ಅವಳು ಪ್ಯಾರಿಸ್‌ಗೆ ಹೋಗಲಿಲ್ಲ.

ನಮ್ಮ ಹುಣಸೂರು, ಎಚ್.ಡಿ. ಕೋಟೆ ಕಡೆ ಕೋವಿ ಅಂದ್ರೆ ಹಂದಿ ಓಡಿಸೋಕೆ, ಎಲೆಕ್ಷನ್ ಬಂದಾಗ ಠಾಣೆಗೆ ಒಪ್ಪಿಸೋಕೆ. ಇದು ಆ ಕೋವಿ ಅಲ್ಲ. ಗಾಳಿಯ ಒತ್ತಡದಲ್ಲಿ 4.5 ಮಿಲಿಮೀಟರ್ ಗುಂಡು ಹೋಗುತ್ತೆ. ಗುರಿ ಹಲಗೆಯ ನಡುವಿನ 10ರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ದೂರದರ್ಶಕದ ಲೆನ್ಸ್ ಹಾಕೋ ಹಾಗಿಲ್ಲ. ನಾನು ಇಂಜಿನಿಯರಿಂಗ್ ಓದಿದವನು, ಲೆಕ್ಕ ಹಾಕದೆ ಇರಲಾರೆ. ಒಂದು ಉಂಗುರಕ್ಕೂ ಇನ್ನೊಂದಕ್ಕೂ ಎರಡೂವರೆ ಮಿಲಿಮೀಟರ್ ಅಂತರ. ಅಂದ್ರೆ 0.1 ಅಂಕ ಅಂದ್ರೆ ಕಾಲು ಮಿಲಿಮೀಟರ್. ಚಾಂಗ್ವಾನ್ ಫೈನಲ್‌ನಲ್ಲಿ ಕೊರಿಯಾದ ಕ್ವಾನ್ ಯುನ್‌ಜಿ 252.4, ತಿಲೋತ್ತಮಾ 252.3. 24 ಗುಂಡು ಹಾರಿಸಿದ ಮೇಲೆ ಚಿನ್ನ ತಪ್ಪಿದ್ದು ಅಷ್ಟರಲ್ಲಿ!

ಸರಿ, ಕೋಟಾ ಏನಾಯ್ತು? ಶೂಟಿಂಗ್‌ನಲ್ಲಿ ಕೋಟಾ ದೇಶಕ್ಕೆ ಸಿಗೋ ಜಾಗ. ಗೆದ್ದವರ ಹೆಸರಿಗೆ ಬರೆದುಕೊಟ್ಟಿರಲ್ಲ. ಯಾರನ್ನು ಕಳಿಸಬೇಕು ಅಂತ 2024ರಲ್ಲಿ ದೆಹಲಿ, ಭೋಪಾಲ್‌ಗಳಲ್ಲಿ ಟ್ರಯಲ್ಸ್ ಆಯ್ತು. ಇದೇ ವಿಭಾಗದ ಇನ್ನೊಂದು ಕೋಟಾ ತಂದಿದ್ದ ಮೆಹುಲಿ ಘೋಷ್ ಕೂಡ ಹೊರಗೆ. ತಂದವರಿಬ್ಬರೂ ಮನೆಯಲ್ಲಿ, ಹೋದವರು ರಮಿತಾ ಜಿಂದಾಲ್ ಮತ್ತು ಇಳವೇನಿಲ್ ವಾಳರಿವನ್.

ಅನ್ಯಾಯ ಅಂತ ಕಿರುಚೋದು ಸುಲಭ, ಟಿಆರ್‌ಪಿನೂ ಬರುತ್ತೆ. ನಾನು ಹಾಗನ್ನಲ್ಲ. ಹತ್ತು ತಿಂಗಳ ಹಿಂದೆ ಚೆನ್ನಾಗಿ ಹೊಡೆದವರಲ್ಲ, ಈಗ ಚೆನ್ನಾಗಿ ಹೊಡೀತಿರೋರು ಹೋಗಬೇಕು. ರಮಿತಾ ಪ್ಯಾರಿಸ್‌ನಲ್ಲಿ ಫೈನಲ್ ತಲುಪಿ 7ನೇ ಸ್ಥಾನ ಪಡೆದರು. ಭಾರತದ ಹೆಣ್ಣುಮಗಳೊಬ್ಬಳು ರೈಫಲ್‌ನಲ್ಲಿ ಒಲಿಂಪಿಕ್ ಫೈನಲ್ ಕಂಡಿದ್ದು 20 ವರ್ಷದ ನಂತರ. 2004ರ ಅಥೆನ್ಸ್‌ನಲ್ಲಿ ಆ ಫೈನಲ್ ಆಡಿ 8ನೆಯವರಾದದ್ದು ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್. ಪ್ಯಾರಿಸ್‌ನಲ್ಲಿ ಅವರೇ ಕೋಚ್.

ನನ್ನ ತಕರಾರು ನನ್ನ ಕಸುಬಿನ ಮೇಲೆ. ನಿಯಮ ಗೊತ್ತಿಲ್ಲದೆ 15 ವರ್ಷದ ಮಗುವನ್ನು ವಿಮಾನ ಹತ್ತಿಸಿದ್ವಿ. ಟ್ರಯಲ್ಸ್ ಮುಗಿದ ದಿನ ಅವಳ ಹೆಸರು ಕೆಳಗಿನ ಸ್ಕ್ರೋಲಿಂಗ್‌ನಲ್ಲೂ ಬರಲಿಲ್ಲ. ಅವಳ ಕ್ಲಾಸಿನ ಮಕ್ಕಳು ಕೇಳಿರಲ್ವಾ, "ಯಾವಾಗ ಹೊರಡ್ತೀಯ?" ಅಂತ?

ಇದನ್ನೆಲ್ಲ ಫೋನಲ್ಲಿ ಹೇಳಿದೆ. ಆ ಬೆಳೆಗಾರರು ಸ್ವಲ್ಪ ಹೊತ್ತು ಸುಮ್ಮನಿದ್ರು. "ನಮ್ಮ ಬ್ಯಾರನ್ನಿನ ಕೋಟಾ ನಮ್ಮ ಹೆಸರಲ್ಲೇ ಇರುತ್ತಲ್ಲ ಸಾರ್," ಅಂದ್ರು. ಇದು ಹಾಗಲ್ಲ ಅಂದೆ. ವಿದೇಶಿ ರೈಫಲ್, ಜಾಕೆಟ್ಟು ಅಂದ್ರೆ ಲಕ್ಷಗಳ ಮಾತು. ಮೊದಲು ಕ್ಲಬ್ಬಿನ ರೈಫಲ್‌ನಲ್ಲಿ ಆರು ತಿಂಗಳು ಹೊಡೆಯಲಿ, ಹರಾಜಿನ ದುಡ್ಡು ಮುಟ್ಟಬೇಡಿ ಅಂತಲೂ ಹೇಳಿದೆ.

"ಆಯ್ತು. ಆದ್ರೆ ಸಾರ್, ಈಗ ಹೇಳಿದ್ದನ್ನ ಅವಳಿಗೆ ನೀವೇ ಹೇಳಿ," ಅಂತ ಫೋನ್ ಮಗಳ ಕೈಗೆ ಕೊಟ್ಟರು.