ಚೊಳಚಗುಡ್ಡದ ‘ವನ್ಸ್ ಮೋರ್’ ಮತ್ತು ಗಿಟಾರಿಗೆ ಬಂದ ಶರೀಫರ ಪದ



ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಚೊಳಚಗುಡ್ಡಕ್ಕೆ ವರ್ಷವೆಲ್ಲ ಬರುವವರು ಬನಶಂಕರಿಯ ದರ್ಶನಕ್ಕೆ ಬರುತ್ತಾರೆ. ಬನದ ಹುಣ್ಣಿಮೆಯ ಜಾತ್ರೆಗೆ ಬರುವವರು ದರ್ಶನದ ಜೊತೆಗೆ ನಾಟಕಕ್ಕೂ ಬರುತ್ತಾರೆ. ತೇರು ಎಳೆದ ಮೇಲೂ ವಾರಗಟ್ಟಲೆ ನಡೆಯುವ ಈ ಜಾತ್ರೆಯಲ್ಲಿ ವೃತ್ತಿ ನಾಟಕ ಕಂಪನಿಗಳು ಅಕ್ಕಪಕ್ಕದಲ್ಲೇ ಥೇಟರು ಹಾಕುತ್ತವೆ. ಹಾಡು ಹಿಡಿಸಿದರೆ ಪ್ರೇಕ್ಷಕರಿಂದ ‘ವನ್ಸ್ ಮೋರ್’ ಎಂಬ ಕೂಗು ಏಳುತ್ತದೆ. ನಟ ಕಥೆಯನ್ನು ಅಲ್ಲಿಗೇ ನಿಲ್ಲಿಸಿ ಮತ್ತೊಮ್ಮೆ ಹಾಡಬೇಕು. ಹಿಡಿಸದಿದ್ದರೆ ಜನ ಮರುದಿನ ಪಕ್ಕದ ಥೇಟರಿಗೆ ಹೋಗುತ್ತಾರೆ. ಇದೂ ಒಂದು ವಿಮರ್ಶೆಯೇ. ಅಕ್ಷರದಲ್ಲಿಲ್ಲ, ಆದರೆ ತೀರ್ಪು ಒಂದೇ ರಾತ್ರಿಯಲ್ಲಿ ಬರುತ್ತದೆ.

ಈ ಜಾತ್ರೆಯ ತೀರ್ಪನ್ನು ಪಕ್ಕದಲ್ಲಿಟ್ಟುಕೊಂಡು ನಗರದಲ್ಲಿ ಹುಟ್ಟಿದ ಒಂದು ಆಲ್ಬಮ್ ಪಡೆದ ಸ್ವಾಗತವನ್ನು ನೋಡಬಹುದು. 2008ರಲ್ಲಿ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ಬೆಂಗಳೂರಿನ ತಂಡದ ಮೊದಲ ಆಲ್ಬಮ್ ಹೊರಬಂತು. ಹೊರತಂದವರು ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್. ಸಿನಿಮಾದ ಹಂಗಿಲ್ಲದೆ ತಂಡವೇ ಹಾಡು ಕಟ್ಟಿ, ನುಡಿಸಿ, ಕೇಳುಗರ ಮುಂದಿಡುವ ಇಂಥ ಸಂಗೀತಕ್ಕೆ ‘ಇಂಡೀ’ ಎಂಬ ಹೆಸರಿದೆ. ಇಂಡಿಪೆಂಡೆಂಟ್ ಎಂಬ ಪದದ ಮೊಟಕು ರೂಪ ಅದು. ಮೈಸೂರಿನಲ್ಲಿ ಬೆಳೆದು, ಭರತನಾಟ್ಯ ಕಲಿತ ರಘು ದೀಕ್ಷಿತ್ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಶರೀಫರ ಎರಡು ಪದಗಳನ್ನು ಸೇರಿಸಿದ್ದರು. ಒಂದು ಗುಡುಗುಡಿಯ ಪದ, ಇನ್ನೊಂದು ಸೋರುವ ಮಾಳಿಗೆಯ ಪದ. ಏಕತಾರಿ, ದಮ್ಮಡಿಗಳ ಜಾಗದಲ್ಲಿ ಗಿಟಾರ್, ಡ್ರಮ್ಸ್ ಮತ್ತು ಪಿಟೀಲು ಬಂದವು. ವೇದಿಕೆಯ ಮೇಲೆ ಗಾಯಕ ಬಣ್ಣದ ಪಂಚೆ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿದರು.

ಹೊರದೇಶದಲ್ಲಿ ಈ ತಂಡಕ್ಕೆ ದೊರೆತ ಮನ್ನಣೆ ದೊಡ್ಡದು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ತಂಡ ಹಾಡಿತು. 2011ರಲ್ಲಿ ಇಂಗ್ಲೆಂಡಿನ ‘ಸಾಂಗ್‌ಲೈನ್ಸ್’ ಪತ್ರಿಕೆ ಹೊಸಬರಿಗೆ ಕೊಡುವ ಪ್ರಶಸ್ತಿ ಸಂದಿತು. ಕನ್ನಡ ಬಾರದ ಕೇಳುಗರು ಮೆಚ್ಚಿದ್ದು ಕಂಠವನ್ನು, ಲಯವನ್ನು, ಹಾಡುವವನ ಉಲ್ಲಾಸವನ್ನು. ಆ ಮೆಚ್ಚುಗೆ ಸುಳ್ಳಲ್ಲ. ಆದರೆ ಪದದೊಳಗಿನ ಮಾತು ಅವರ ತಕ್ಕಡಿಗೆ ಬರುವಂತಿರಲಿಲ್ಲ. ಅದನ್ನು ತೂಗಬೇಕಾದದ್ದು ಕನ್ನಡದ ಕೆಲಸ. ಇಲ್ಲಿ ಮಾತ್ರ ಇಂಥ ಪ್ರಯೋಗ ಬಂದಾಗಲೆಲ್ಲ ಚರ್ಚೆ ಎರಡು ಮಾತಿಗೆ ಮುಗಿಯುವುದುಂಟು: ‘ಶರೀಫರನ್ನು ಕೆಡಿಸಿದರು’ ಎಂಬುದು ಒಂದು, ‘ಯುವಕರಿಗೆ ತಲುಪಿಸಿದರು’ ಎಂಬುದು ಇನ್ನೊಂದು.

ಮೊದಲನೆಯ ಮಾತನ್ನು ತುಸು ಪರೀಕ್ಷಿಸಿ ನೋಡಿ. ಶರೀಫರು ಬದುಕಿದ್ದು 1819ರಿಂದ 1889ರವರೆಗೆ. ಭಾರತದಲ್ಲಿ ಗ್ರಾಮೊಫೋನ್ ಧ್ವನಿಮುದ್ರಣ ಆರಂಭವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಆದ್ದರಿಂದ ಶರೀಫರ ಸ್ವಂತ ಧಾಟಿ ಯಾವ ತಟ್ಟೆಯಲ್ಲೂ ಉಳಿದಿಲ್ಲ. ಪದಗಳು ಉಳಿದದ್ದು ಭಜನಾ ಮೇಳಗಳ ಬಾಯಲ್ಲಿ. ಮುಂದೆ ಸಿ. ಅಶ್ವತ್ಥ್ ಅವರ ಏರುದನಿ ಕ್ಯಾಸೆಟ್ಟುಗಳ ಮೂಲಕ ಅವನ್ನು ಮನೆಮನೆಗೆ ಒಯ್ದಿತು. 1990ರಲ್ಲಿ ತೆರೆಕಂಡ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಅವುಗಳ ಪ್ರಸಿದ್ಧಿಯನ್ನು ಹೆಚ್ಚಿಸಿತು. ಇಂದು ಅನೇಕರು ‘ಮೂಲ’ ಎಂದುಕೊಂಡಿರುವ ಧಾಟಿ ಈ ಕ್ಯಾಸೆಟ್ಟಿನದು. ಅದೂ ಒಬ್ಬ ಸಂಯೋಜಕರ ಓದೇ.

ವಾದ್ಯದ ಆಕ್ಷೇಪವೂ ಹೆಚ್ಚು ದೂರ ನಡೆಯುವುದಿಲ್ಲ. ಕಂಪನಿ ನಾಟಕದ ಜೀವಾಳವಾದ ಹಾರ್ಮೋನಿಯಂ ಕೂಡ ಯುರೋಪಿನಿಂದಲೇ ಬಂದದ್ದು. ಚಾಲುಕ್ಯರ ಕಾಲದಿಂದ ಪೂಜೆಗೊಂಡ ಬನಶಂಕರಿಯ ಇಂದಿನ ಗುಡಿಯೂ 18ನೆಯ ಶತಮಾನದ ಕಟ್ಟಡ. ಕಟ್ಟಡ ಹೊಸದಾಯಿತೆಂದು ದೇವಿ ಬದಲಾದಳು ಎಂದು ಯಾರೂ ಹೇಳಲಿಲ್ಲ.

ಹಾಗೆಂದರೆ ಏನು ಮಾಡಿದರೂ ಸರಿಯೆ? ಅಲ್ಲ. ವಿಮರ್ಶೆ ಕೇಳಬೇಕಾದ ಪ್ರಶ್ನೆ ಬೇರೆ: ಹೊಸ ಧಾಟಿ ಪದದ ಅರ್ಥಕ್ಕೆ ಏನು ಮಾಡುತ್ತದೆ?

ಗುಡುಗುಡಿಯ ಪದವನ್ನೇ ತೆಗೆದುಕೊಳ್ಳಿ. ಅದರಲ್ಲಿ ಮನಸ್ಸೇ ಸಂಚಿ, ಕೊಚ್ಚಿಹಾಕಬೇಕಾದದ್ದು ಮೋಹ. ಡ್ರಮ್ಸಿನ ಹೊಡೆತಕ್ಕೆ ಸಭೆ ಕುಣಿಯುವಾಗ ಪಲ್ಲವಿ ಮಾತ್ರ ಬಾಯಲ್ಲಿ ನಿಂತು, ಇದು ಸೇದುವ ಚಟದ ಹಾಡು ಎನಿಸುವ ಅಪಾಯವಿದೆ. ಇನ್ನೊಂದು ಕಡೆ, ಅಮಲಿನ ವೇಷದಲ್ಲಿ ಎಚ್ಚರವನ್ನು ಹೇಳುವುದು ಶರೀಫರ ರೀತಿಯೇ. ಅಮಲಿನಂಥ ಲಯ ಆ ವೇಷಕ್ಕೆ ಒಪ್ಪುತ್ತದೆ ಎಂದೂ ವಾದಿಸಬಹುದು.

ಸೋರುವ ಮಾಳಿಗೆಯ ಪದದಲ್ಲಿ ಈ ಸೀಮೆಯ ಕೇಳುಗರಿಗೆ ಇನ್ನೊಂದು ಅನುಕೂಲವಿದೆ. ಮಣ್ಣಿನ ಮಾಳಿಗೆ ಎಂದರೆ ಏನೆಂದು ಅವರು ಬಲ್ಲರು. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ, ಬಿರುಕು ನೋಡಿ, ಹೊಸ ಮಣ್ಣು ಹಾಕಿ ತುಳಿಯದಿದ್ದರೆ ಅದು ಸೋರುತ್ತದೆ. ತಪ್ಪು ಮಳೆಯದಲ್ಲ, ಮನೆಯವನದು. ಶರೀಫರು ಸೋರಿಕೆಗೆ ಕಾರಣ ಅಜ್ಞಾನ ಎಂದದ್ದರ ಕಟು ಅಲ್ಲಿದೆ. ಕಾಂಕ್ರೀಟಿನ ಸೂರಿನ ಕೆಳಗೆ ಬೆಳೆದವರಿಗೆ ಇದು ಮಳೆಯ ದುಃಖದ ಹಾಡಾಗಿ ಕೇಳಿಸೀತು. ಮಾಳಿಗೆಯ ಮನೆಯವರಿಗೆ ಅದು ತಮ್ಮನ್ನೇ ತರಾಟೆಗೆ ತೆಗೆದುಕೊಂಡ ಹಾಡು. ಗಿಟಾರಿನ ಧಾಟಿಯಲ್ಲಿ ಆ ತರಾಟೆ ಉಳಿದಿದೆಯೇ, ಬರೀ ವಿಷಾದ ಉಳಿದಿದೆಯೇ? ಇದನ್ನು ತೂಗಿ ಹೇಳುವ ಅಧಿಕಾರ ಲಂಡನ್ನಿನ ಪತ್ರಿಕೆಗಿಂತ ಚೊಳಚಗುಡ್ಡದ ಕೇಳುಗನಿಗೆ ಹೆಚ್ಚು.

ಆದರೆ ಜಾತ್ರೆಯ ತೀರ್ಪಿಗೂ ಮಿತಿಯಿದೆ. ‘ವನ್ಸ್ ಮೋರ್’ ಒಳ್ಳೆಯ ಹಾಡಿಗೂ ಬರುತ್ತದೆ, ದ್ವಂದ್ವಾರ್ಥದ ಮಾತಿಗೂ ಬರುತ್ತದೆ. ಏಕೆ ಎಂಬುದನ್ನು ಅದು ಹೇಳುವುದಿಲ್ಲ. ಮೇಲಾಗಿ ಅದು ದಾಖಲೆಯಾಗಿ ಉಳಿಯುವುದಿಲ್ಲ. ಹುನಗುಂದ ಸೀಮೆಯ ಪಿ.ಬಿ. ಧುತ್ತರಗಿ ಅವರ ‘ಸಂಪತ್ತಿಗೆ ಸವಾಲ್’ ನಾಟಕ 1974ರಲ್ಲಿ ಸಿನಿಮಾ ಆಯಿತು. ಅದರಲ್ಲಿ ರಾಜಕುಮಾರ್ ಹಾಡಿದ ಎಮ್ಮೆಯ ಹಾಡು ಇಂದಿಗೂ ಎಲ್ಲರ ಕಿವಿಯಲ್ಲಿದೆ. ಅದೇ ನಾಟಕ ಕಂಪನಿಯ ಥೇಟರಿನಲ್ಲಿ ಹೇಗೆ ಕೇಳುತ್ತಿತ್ತು ಎಂದು ತಿಳಿಯಬೇಕಾದರೆ ನೋಡಿದ ಹಿರಿಯರ ನೆನಪನ್ನೇ ಕೇಳಬೇಕು. ಜಾತ್ರೆಯಲ್ಲಿ ಮರಳಿ ಮರಳಿ ಹಾಡಿಸಿಕೊಂಡ ಎಷ್ಟೋ ರಂಗಗೀತೆಗಳು ತಟ್ಟೆಗೂ ಏರಲಿಲ್ಲ, ಅಚ್ಚಿಗೂ ಬರಲಿಲ್ಲ.

ಕನ್ನಡದಲ್ಲಿ ಕಾದಂಬರಿಗೆ, ನಾಟಕಕ್ಕೆ ಬೆಳೆದಂಥ ವಿಮರ್ಶೆ ಹಾಡಿನ ಆಲ್ಬಮ್ಮಿಗೆ ಬೆಳೆಯಲಿಲ್ಲ. ಹೊರಗಿನ ಪ್ರಶಸ್ತಿಯನ್ನು ಸುದ್ದಿ ಮಾಡಿದಷ್ಟು ಸುಲಭವಾಗಿ ಒಳಗಿನ ಹಾಡನ್ನು ಬಿಡಿಸಿ ನೋಡುವುದು ನಡೆಯುವುದಿಲ್ಲ. ಜಾತ್ರೆಯ ಪ್ರೇಕ್ಷಕನಿಗೆ ಕಿವಿಯಿದೆ, ಬರೆಯುವವರಿಗೆ ಅಕ್ಷರವಿದೆ. ಇವೆರಡೂ ಒಂದೇ ಕಡೆ ಕೂಡಬೇಕು. ಮುಂದಿನ ಬನದ ಹುಣ್ಣಿಮೆಗೆ ಥೇಟರಿನಲ್ಲಿ ಒಂದು ಹಾಡಿಗೆ ‘ವನ್ಸ್ ಮೋರ್’ ಬಂದಾಗ, ಕೂಗಿದವರನ್ನು ‘ಯಾಕ್ರೀ, ಏನು ಹಿಡಿಸಿತು?’ ಎಂದು ಕೇಳಿ, ಅವರು ಕೊಟ್ಟ ಉತ್ತರವನ್ನು ಬರೆದಿಟ್ಟರೆ ಅಲ್ಲಿಂದಲೇ ಆ ವಿಮರ್ಶೆ ಆರಂಭವಾಗಬಹುದು.