ಬೆರಳಿನ ಶಾಯಿ, ಮನಸ್ಸಿನ ಸಾಕ್ಷಿ

ಶಿರಗುಪ್ಪಿಯಂಥ ಊರಿನಲ್ಲಿ ಚುನಾವಣೆ ಬಂತೆಂದರೆ ಬೆಣ್ಣಿಹಳ್ಳದ ನೆರೆ, ಹೆಸರುಕಾಳಿನ ದರ, ಬೆಳೆವಿಮೆ, ಇವೇ ಮಾತು. ಧಾರವಾಡ ಜಿಲ್ಲೆಯ ಕ್ಯಾಥೊಲಿಕ್ ಮತದಾರನಿಗೂ ಈ ಚಿಂತೆಗಳು ತಪ್ಪಿದ್ದಲ್ಲ. ಜೊತೆಗೆ ಇನ್ನೊಂದು ಪ್ರಶ್ನೆ: ಧರ್ಮ ಕಲಿಸಿದ ನೀತಿಗೆ ಯಾವ ಅಭ್ಯರ್ಥಿ ಹತ್ತಿರ?

ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥ ಮತದಾನವನ್ನು ನೈತಿಕ ಕರ್ತವ್ಯ ಎನ್ನುತ್ತದೆ; ಯಾರಿಗೆ ಹಾಕಬೇಕೆಂದು ಹೆಸರು ಹೇಳುವುದಿಲ್ಲ. ಅಮೆರಿಕದಲ್ಲಿ ಈ ಚರ್ಚೆ ಬಹುಪಾಲು ಗರ್ಭಪಾತದ ಸುತ್ತಲೇ ಗಿರಕಿ ಹೊಡೆಯುತ್ತದೆ. ನಮ್ಮಲ್ಲಿ 1971ರಿಂದಲೇ ಗರ್ಭಪಾತಕ್ಕೆ ಕಾನೂನಿದೆ. ಚರ್ಚ್ ಅದನ್ನು ಒಪ್ಪದಿದ್ದರೂ ಚುನಾವಣಾ ಭಾಷಣಗಳಲ್ಲಿ ಆ ಮಾತೇ ಬರುವುದಿಲ್ಲ.

ಕರ್ನಾಟಕದಲ್ಲಿ ಕಾವೇರಿದ್ದು ಬೇರೆ ವಿಷಯ. 2021ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ವಿಧಾನಸಭೆ ಮತಾಂತರ ನಿಷೇಧ ಮಸೂದೆಯನ್ನು ಅಂಗೀಕರಿಸಿತು. ಮತಾಂತರ ಆಗಬಯಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಅದರಲ್ಲಿತ್ತು. ಕೆಲವು ಪ್ರಕರಣಗಳಲ್ಲಿ ಶಿಕ್ಷೆ 10 ವರ್ಷದವರೆಗೆ ಇತ್ತು. ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾದೊ ಬಹಿರಂಗವಾಗಿಯೇ ವಿರೋಧಿಸಿದರು. ಬಲವಂತದ, ಆಮಿಷದ ಮತಾಂತರ ತಪ್ಪೆಂಬುದು ಚರ್ಚಿನದೇ ಬೋಧನೆ. ತಕರಾರು ಇದ್ದದ್ದು ಸಾಮಾನ್ಯ ಸೇವೆಯೂ ಅನುಮಾನಕ್ಕೆ ಗುರಿಯಾದೀತೆಂಬ ಬಗ್ಗೆ. 2023ರ ಮೇ 10ರ ಮತದಾನದ ಹೊತ್ತಿಗೆ ಈ ಕಾಯ್ದೆ ಜಾರಿಯಲ್ಲಿತ್ತು.

ಹಾಗೆಂದು ಕ್ಯಾಥೊಲಿಕರ ಮತವೆಲ್ಲ ಒಂದೇ ಗಂಟಲ್ಲ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಪಾದ್ರಿಯಾಗಲು ಬೆಂಗಳೂರಿನ ಸೆಮಿನರಿ ಸೇರಿ, ಅಲ್ಲಿನ ತಾರತಮ್ಯ ಸಹಿಸದೆ ಹೊರಬಿದ್ದರು. ಸಮಾಜವಾದಿಯಾದರು, ಮುಂದೆ ವಾಜಪೇಯಿ ಸಂಪುಟದಲ್ಲಿ ರಕ್ಷಣಾ ಸಚಿವರೂ ಆದರು. ಅದೇ ಕರಾವಳಿಯ ಆಸ್ಕರ್ ಫರ್ನಾಂಡಿಸ್ ಕೊನೆಯವರೆಗೂ ಕಾಂಗ್ರೆಸ್ಸಿಗರು.

ಎಲ್ಲದರಲ್ಲೂ ಒಪ್ಪಿಗೆಯಾಗುವ ಅಭ್ಯರ್ಥಿ ಯಾವ ಕ್ಷೇತ್ರದಲ್ಲೂ ಸಿಗುವುದು ಅಪರೂಪ. 2004ರಲ್ಲಿ ಕಾರ್ಡಿನಲ್ ರಾಟ್ಸಿಂಗರ್, ಮುಂದೆ ಪೋಪ್ 16ನೆಯ ಬೆನೆಡಿಕ್ಟ್ ಆದವರು, ಇದಕ್ಕೊಂದು ದಾರಿ ತೋರಿದ್ದರು: ಗರ್ಭಪಾತವನ್ನು ಬೆಂಬಲಿಸುವ ಅಭ್ಯರ್ಥಿಗೆ, ಆ ನಿಲುವಿನ ಕಾರಣಕ್ಕಲ್ಲದೆ ಬೇರೆ ತಕ್ಕಷ್ಟು ಗಂಭೀರ ಕಾರಣವಿದ್ದರೆ, ಮತ ಹಾಕಬಹುದು. ತಕ್ಕಷ್ಟು ಎಂದರೆ ಎಷ್ಟು ಎಂಬುದನ್ನು ಮಾತ್ರ ಮತದಾರನೇ ತೂಗಬೇಕು, ಅದೂ ಪ್ರಚಾರದ ಧ್ವನಿವರ್ಧಕಗಳ ಗದ್ದಲದಲ್ಲಿ.