ಹರಾಜಿಗೆ ಬಂದ ತೋಟಗಳು

ನಗರವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಅದರ ಕಟ್ಟಡಗಳು. ಕಟ್ಟಡವಿಲ್ಲದ ತುಂಡುನೆಲಕ್ಕೆ ನಾವು ‘ಖಾಲಿ ನಿವೇಶನ’ವೆಂದು ಹೆಸರಿಟ್ಟಿದ್ದೇವೆ. ಅಲ್ಲೊಂದು ಮರವಿರಬಹುದು, ಮಕ್ಕಳು ಗೋಲಿಯಾಡುತ್ತಿರಬಹುದು, ವಯಸ್ಸಾದವರು ಇಳಿಬಿಸಿಲಿನಲ್ಲಿ ಕುಳಿತು ಮಾತಾಡುತ್ತಿರಬಹುದು. ಆದರೂ ನಮ್ಮ ಲೆಕ್ಕದಲ್ಲಿ ಅದು ಖಾಲಿಯೇ. ಈ ಲೆಕ್ಕವನ್ನು ಒಪ್ಪದೆ ಹೋದ ಕೆಲವು ಸಾಮಾನ್ಯ ಜನರ ವಿಷಯವನ್ನು ಇಂದು ಕೇಳುಗರ ಮುಂದಿಡಬೇಕೆಂದಿದ್ದೇನೆ. ಇದು ನಡೆದದ್ದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ.

ನ್ಯೂಯಾರ್ಕ್ ಎಂದರೆ ಸಿರಿವಂತಿಕೆಯ ನಗರವೆಂದು ನಾವು ಭಾವಿಸುತ್ತೇವೆ. ಆದರೆ 1975ರಲ್ಲಿ ಆ ನಗರದ ಆಡಳಿತ ದಿವಾಳಿಯ ಅಂಚಿಗೆ ಬಂದು ನಿಂತಿತ್ತು. ದಕ್ಷಿಣ ಬ್ರಾಂಕ್ಸ್, ಬ್ರೂಕ್ಲಿನ್ನಿನ ಕೆಲವು ಭಾಗಗಳು, ಮ್ಯಾನ್‌ಹಟನ್ನಿನ ಲೋಯರ್ ಈಸ್ಟ್ ಸೈಡ್ ಮೊದಲಾದ ಬಡವರ ಕೇರಿಗಳಲ್ಲಿ, ಬಾಡಿಗೆಯ ವರಮಾನಕ್ಕಿಂತ ತೆರಿಗೆ ಮತ್ತು ದುರಸ್ತಿಯ ವೆಚ್ಚವೇ ಹೆಚ್ಚೆಂದು ಒಡೆಯರು ತಮ್ಮ ಕಟ್ಟಡಗಳನ್ನು ಕೈಬಿಟ್ಟರು. ಎಷ್ಟೋ ಕಟ್ಟಡಗಳು ಬೆಂಕಿಗೆ ಆಹುತಿಯಾದುವು. ವಿಮೆಯ ಹಣದ ಆಸೆಗೆ ಹಚ್ಚಿದ ಬೆಂಕಿಯೂ ಅವುಗಳಲ್ಲಿ ಉಂಟು. ತೆರಿಗೆ ಬಾಕಿಗಾಗಿ ಸಾವಿರಾರು ನಿವೇಶನಗಳು ನಗರಾಡಳಿತದ ವಶಕ್ಕೆ ಬಂದುವು. ಒಡೆದ ಇಟ್ಟಿಗೆ, ಹಳೆಯ ಟಯರು, ಕಸದ ರಾಶಿ, ಇವು ಅಲ್ಲಿ ಉಳಿದ ಆಸ್ತಿ.

1973ರಲ್ಲಿ ಲಿಜ್ ಕ್ರಿಸ್ಟಿ ಎಂಬ ಕಲಾವಿದೆ ಮತ್ತು ಆಕೆಯ ಗೆಳೆಯರು ಬೋವರಿ ಹಾಗೂ ಹೌಸ್ಟನ್ ಬೀದಿಗಳು ಕೂಡುವ ಮೂಲೆಯಲ್ಲಿದ್ದ ಅಂಥದೊಂದು ನಿವೇಶನವನ್ನು ಗುಡಿಸಿ, ಮಣ್ಣು ಹರಡಿ, ಗಿಡ ನೆಟ್ಟರು. ತಮ್ಮ ಗುಂಪಿಗೆ ‘ಗ್ರೀನ್ ಗೆರಿಲ್ಲಾಸ್’ ಎಂದು ಹೆಸರಿಟ್ಟುಕೊಂಡರು. ಒಳಗೆ ಹೋಗಲಾಗದ ನಿವೇಶನಗಳ ಬೇಲಿಯಾಚೆಗೆ ಬೀಜ, ಗೊಬ್ಬರ, ನೀರು ತುಂಬಿದ ಬಲೂನುಗಳನ್ನು ಎಸೆದು ಬರುತ್ತಿದ್ದರು. ಮರುವರ್ಷ ನಗರಾಡಳಿತವು ಆ ಮೂಲೆಯ ನೆಲವನ್ನು ತಿಂಗಳಿಗೆ 1 ಡಾಲರ್ ಬಾಡಿಗೆಗೆ ಅವರಿಗೇ ಕೊಟ್ಟಿತು. 1978ರಲ್ಲಿ ‘ಗ್ರೀನ್ ಥಂಬ್’ ಎಂಬ ಸರಕಾರಿ ಯೋಜನೆಯೇ ಆರಂಭವಾಗಿ, ನೂರಾರು ನಿವೇಶನಗಳು ನೆರೆಹೊರೆಯ ತೋಟಗಳಾದುವು. ಪೋರ್ಟೊ ರಿಕೋದಿಂದ ಬಂದವರು ತಮ್ಮ ದ್ವೀಪದ ಹಳ್ಳಿಮನೆಯಂಥ ಪುಟ್ಟ ಮರದ ಮನೆಗಳನ್ನು ಅಲ್ಲಿ ಕಟ್ಟಿಕೊಂಡು ‘ಕಸೀತಾ’ ಎಂದು ಕರೆದರು. ದಕ್ಷಿಣದ ರಾಜ್ಯಗಳಿಂದ ವಲಸೆ ಬಂದ ಕರಿಯ ಜನರು ತಮ್ಮೂರಿನ ಸೊಪ್ಪು, ತರಕಾರಿ ಬೆಳೆದರು. ಊರು ಬಿಟ್ಟು ಬಂದವರಿಗೆ ಊರಿನ ಒಂದು ಹಿಡಿ ಮಣ್ಣು ಸಿಕ್ಕಂತಾಯಿತು.

ಆದರೆ ಆ ನೆಲ ಅವರದಾಗಿರಲಿಲ್ಲ. ಅದು ಎರವಲು ನೆಲ. ತೋಟಗಳು ಬೆಳೆದಂತೆ ಕೇರಿಗಳು ಚೇತರಿಸಿಕೊಂಡುವು. ಕೇರಿಗಳು ಚೇತರಿಸಿಕೊಂಡಂತೆ ನೆಲದ ಬೆಲೆ ಏರಿತು. ಯಾರ ಬೆವರಿನಿಂದ ಬೆಲೆ ಏರಿತೋ ಅವರ ಕೈಯಿಂದಲೇ ನೆಲ ತಪ್ಪಿಹೋಗುವ ಕಾಲ ಬಂತು. 1999ರಲ್ಲಿ ಮೇಯರ್ ರೂಡಾಲ್ಫ್ ಜೂಲಿಯಾನಿಯವರ ಆಡಳಿತವು 114 ತೋಟಗಳನ್ನು ಹರಾಜಿಗಿಟ್ಟಿತು. ನಗರಕ್ಕೆ ಮನೆಗಳು ಬೇಕು, ಬೊಕ್ಕಸಕ್ಕೆ ಹಣ ಬೇಕು ಎಂಬುದು ಆಡಳಿತದ ವಾದ. ಮನೆಗಳು ಬೇಕೆಂಬುದು ಸುಳ್ಳಲ್ಲ. ಆದರೆ ಹರಾಜಿನಲ್ಲಿ ಗೆಲ್ಲುವವನು ಹೆಚ್ಚು ಬೆಲೆ ಕೂಗಿದವನು. ಅವನು ಬಡವರಿಗಾಗಿ ಮನೆ ಕಟ್ಟುತ್ತಾನೆಂಬುದಕ್ಕೆ ಆಧಾರವೇನು?

ಈ ಸಂದರ್ಭದಲ್ಲಿ ಮುಂದೆ ಬಂದುವು ಲಾಭದ ಉದ್ದೇಶವಿಲ್ಲದ ಎರಡು ಸಂಸ್ಥೆಗಳು. ಒಂದು, 1972ರಲ್ಲಿ ಸ್ಥಾಪನೆಯಾದ ‘ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್’. ಇನ್ನೊಂದು, ಗಾಯಕಿ ಹಾಗೂ ನಟಿ ಬೆಟ್ ಮಿಡ್ಲರ್ 1995ರಲ್ಲಿ ಆರಂಭಿಸಿದ ‘ನ್ಯೂಯಾರ್ಕ್ ರೆಸ್ಟೊರೇಷನ್ ಪ್ರಾಜೆಕ್ಟ್’. ಹರಾಜಿನ ಮುನ್ನಾದಿನ ಇವೆರಡೂ ಸೇರಿ ಸುಮಾರು 42 ಲಕ್ಷ ಡಾಲರಿಗೆ ಆ ತೋಟಗಳನ್ನು ಕೊಂಡುಕೊಂಡುವು. ಮಾರಲೆಂದು ಕೊಂಡದ್ದಲ್ಲ, ಮಾರಾಟವಾಗದಿರಲೆಂದು ಕೊಂಡದ್ದು. ಮೊದಲನೆಯ ಸಂಸ್ಥೆ ತನ್ನ ಪಾಲಿನ ತೋಟಗಳನ್ನು ತರುವಾಯ ತೋಟಗಾರರೇ ನಡೆಸುವ ಸ್ಥಳೀಯ ಟ್ರಸ್ಟುಗಳಿಗೆ ಒಪ್ಪಿಸಿತು. ಎರಡನೆಯದು 50ಕ್ಕೂ ಹೆಚ್ಚು ತೋಟಗಳನ್ನು ತನ್ನಲ್ಲೇ ಇರಿಸಿಕೊಂಡು ದುರಸ್ತಿಪಡಿಸಿ ನೋಡಿಕೊಂಡಿತು.

‘ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್’ ಕೈಗೊಂಡ ಮತ್ತೊಂದು ಕೆಲಸವನ್ನೂ ಗಮನಿಸಬೇಕು. ನ್ಯೂಯಾರ್ಕಿನ ಎಷ್ಟೋ ಶಾಲೆಗಳ ಅಂಗಳ ಡಾಂಬರು ಹಾಕಿದ ಬರಿ ಬಯಲು. 1996ರಿಂದ ಈಚೆಗೆ ಈ ಸಂಸ್ಥೆ ಅಂಥ 200ಕ್ಕೂ ಹೆಚ್ಚು ಅಂಗಳಗಳನ್ನು ಆಟದ ತೋಟಗಳನ್ನಾಗಿ ಮಾರ್ಪಡಿಸಿದೆ. ಎಲ್ಲಿ ಮರ, ಎಲ್ಲಿ ಓಟದ ದಾರಿ, ಎಲ್ಲಿ ನೆರಳು ಎಂಬುದನ್ನು ಗೊತ್ತುಮಾಡುವುದರಲ್ಲಿ ಶಾಲೆಯ ಮಕ್ಕಳೂ ಪಾಲುಗೊಳ್ಳುತ್ತಾರೆ. ಶಾಲೆ ಬಿಟ್ಟ ಮೇಲೆ ಅಂಗಳದ ಬಾಗಿಲು ಇಡೀ ಕೇರಿಗೆ ತೆರೆದಿರುತ್ತದೆ. ಇನ್ನೊಂದು ಲಾಭವೂ ಉಂಟು. ಆ ನಗರದ ಬಹುಭಾಗದಲ್ಲಿ ಮಳೆನೀರಿಗೂ ಕೊಳಚೆಗೂ ಒಂದೇ ಚರಂಡಿ. ಜೋರಾಗಿ ಮಳೆ ಬಂದರೆ ಕೊಳಚೆ ಉಕ್ಕಿ ನದಿ ಸೇರುತ್ತದೆ. ಡಾಂಬರು ತೆಗೆದ ನೆಲ ಮಳೆಯ ಒಂದಷ್ಟು ಪಾಲನ್ನು ತಾನೇ ಕುಡಿಯುತ್ತದೆ.

ಹಸಿರು ಮನಸ್ಸಿಗೆ ಹಿತವೆಂಬುದು ಕವಿಗಳ ಮಾತಷ್ಟೇ ಎನ್ನುವವರಿಗೆ ಫಿಲಡೆಲ್ಫಿಯಾ ನಗರದ ಪ್ರಯೋಗವೊಂದು ಉತ್ತರ ಕೊಡುತ್ತದೆ. ಅಲ್ಲಿನ ಸಂಶೋಧಕರು 541 ಪಾಳು ನಿವೇಶನಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಕಸ ತೆಗೆದು ಹುಲ್ಲು ಬೆಳೆಸಿ, ಕೆಲವು ಮರ ನೆಟ್ಟು, ಗಿಡ್ಡನೆಯ ಮರದ ಬೇಲಿ ಹಾಕಿದರು. ಇನ್ನೊಂದರಲ್ಲಿ ಕಸ ಮಾತ್ರ ತೆಗೆದರು. ಮೂರನೆಯದನ್ನು ಇದ್ದಂತೆಯೇ ಬಿಟ್ಟರು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಹಸಿರಾದ ನಿವೇಶನಗಳ ಬಳಿ ವಾಸಿಸುವವರಲ್ಲಿ, ಮನಸ್ಸು ಕುಗ್ಗಿದೆ ಎಂದು ಹೇಳಿಕೊಂಡವರ ಪ್ರಮಾಣ ಶೇಕಡ 41ರಷ್ಟು ಇಳಿದಿತ್ತು. ಕಡುಬಡವರ ಕೇರಿಗಳಲ್ಲಿ ಬಂದೂಕಿನ ಹಿಂಸೆ ಶೇಕಡ 29ರಷ್ಟು ತಗ್ಗಿತ್ತು. ಇದಕ್ಕೆ ಬೇಕಾದದ್ದು ಹುಲ್ಲು, ನಾಲ್ಕಾರು ಮರ ಮತ್ತು ಬಿಡದೆ ಬಂದು ನೋಡಿಕೊಳ್ಳುವ ಕೈಗಳು.

ಹಾಗೆಂದು ತೋಟವೊಂದೇ ಎಲ್ಲಕ್ಕೂ ಮದ್ದೆಂದು ನಾನು ಹೇಳಲಾರೆ. ಒಳ್ಳೆಯ ತೋಟ ಬಂದ ಕೇರಿಯಲ್ಲಿ ಬಾಡಿಗೆ ಏರುವುದುಂಟು; ಯಾರಿಗಾಗಿ ತೋಟ ಮಾಡಿದರೋ ಅವರೇ ಜಾಗ ಬಿಡಬೇಕಾದ ಪ್ರಸಂಗವೂ ಉಂಟು. ಮನೆ ಮತ್ತು ಮರ, ಎರಡರ ಚಿಂತೆಯೂ ಒಟ್ಟಿಗೆ ನಡೆಯಬೇಕು.

ಇದೆಲ್ಲ ದೂರದೇಶದ ಸಂಗತಿಯೆಂದು ಕೈತೊಳೆದುಕೊಳ್ಳುವಂತಿಲ್ಲ. ಬೆಂಗಳೂರಿನ ಬಡಾವಣೆಯೊಂದರಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ನೆಲವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿಯ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಹೈಕೋರ್ಟು ಅವರ ಪರವಾಗಿ ತೀರ್ಪಿತ್ತಿತು. 1991ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆಸ್ಪತ್ರೆ ಬೇಡವೆಂದು ಯಾರೂ ಹೇಳಲಿಲ್ಲ. ಉದ್ಯಾನದ ನೆಲ ಎಲ್ಲರದು, ಅದನ್ನು ಕೇಳುವ ಹಕ್ಕು ಅಕ್ಕಪಕ್ಕದ ಮನೆಯವರಿಗೂ ಉಂಟು ಎಂಬುದು ಆ ತೀರ್ಪಿನ ಸಾರ. ಉದ್ಯಾನ, ಆಟದ ಮೈದಾನಗಳ ರಕ್ಷಣೆಗೆಂದು 1985ರ ಕರ್ನಾಟಕದ ಕಾಯಿದೆಯೂ ಇದೆ.

ಕಾಯಿದೆ ಬೇಲಿಯಿದ್ದಂತೆ. ಬೇಲಿ ಹಸುವನ್ನು ತಡೆದೀತು, ಗಿಡಕ್ಕೆ ನೀರೆರೆಯಲಾರದು. ಬೋವರಿ ಬೀದಿಯ ಮೂಲೆಯಲ್ಲಿ ಇಟ್ಟಿಗೆ ಚೂರುಗಳನ್ನು ಆರಿಸಿದವರಿಗೆ ಆ ನೆಲದ ಪಟ್ಟೆಯಿರಲಿಲ್ಲ; ಅದು ಖಾಲಿಯಲ್ಲ ಎಂಬ ತಿಳಿವಳಿಕೆ ಮಾತ್ರ ಇತ್ತು. ನಾಳೆ ನಮ್ಮ ಬೀದಿಯ ಕೊನೆಯ ಪಾಳು ನಿವೇಶನವನ್ನು ಹಾದುಹೋಗುವಾಗ ಒಂದು ಗಳಿಗೆ ನಿಂತು, ಅಲ್ಲಿ ಏನೇನಿದೆ, ಯಾರು ಯಾರು ಬರುತ್ತಾರೆ ಎಂದು ನೋಡೋಣ.